ಎರಡು ಪಾಸು, ಒಂದು ಬೋಗಿ ಮಂದಿ

ಮಗಳು ಫೋನ್ ಮಾಡಿದಾಗ ನಾನು ಹಿತ್ತಲಲ್ಲಿ ರೊಟ್ಟಿ ಹಂಚು ಉಜ್ಜುತ್ತಿದ್ದೆ. ಕೈಯೆಲ್ಲ ಮಸಿ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು "ಏನವಾ?" ಎಂದೆ.

"ಅವ್ವ, ಗೋಲ್ಡ್ ಮೆಡಲ್ ಬಂತು. ಇಡೀ ಯುನಿವರ್ಸಿಟಿಗೆ ನಾನ ಫಸ್ಟ್."

ಹಂಚು ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಆ ಸದ್ದಿಗೆ ಒಳಗಿನಿಂದ ಅತ್ತೆ "ಏನ ಒಡದಿ ಅಲ್ಲಿ?" ಎಂದು ಕೂಗಿದರು. ಏನೂ ಒಡೆದಿರಲಿಲ್ಲ. ನಾನು ಬಚ್ಚಲ ಕಟ್ಟೆಯ ಮೇಲೆ ಕೂತು ಆ ಮಸಿಗೈಯಿಂದಲೇ ಕಣ್ಣೊರೆಸಿಕೊಂಡೆ. ಅಂಗಡಿಯಿಂದ ಊಟಕ್ಕೆ ಬಂದ ಗಂಡ ನನ್ನ ಮುಖ ನೋಡಿ ಗಾಬರಿಯಾದರು. ಸುದ್ದಿ ಕೇಳಿದ ಮೇಲೆ ಅವರ ಮುಖ ನನ್ನದಕ್ಕಿಂತ ಕಡೆಯಾಯಿತು. ಅವರ ಕೈಗೆ ಮಸಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಕುಷ್ಟಗಿಯಲ್ಲಿ ನಮ್ಮದು ಬೀಜ-ಗೊಬ್ಬರದ ಅಂಗಡಿ. ನಮ್ಮ ಎರಡೂ ಮನೆತನಗಳಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಧಾರವಾಡದಲ್ಲಿ ಎಂ.ಎಸ್ಸಿ., ಸಸ್ಯಶಾಸ್ತ್ರ. "ನಾವು ಬೀಜ ಮಾರೀವ್ರಿ, ಆಕಿ ಬೀಜದ ಹೊಟ್ಟಿಯೊಳಗ ಏನೈತಿ ಅಂತ ನೋಡ್ಯಾಳ" ಎಂದು ಗಂಡ ತೊಗರಿ ಬೀಜ ಕೇಳಲು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಪಾಪ, ಅವರು ಬೀಜ ತೂಗಿಸಿಕೊಂಡು ಹೋಗುವ ಅವಸರದಲ್ಲಿರುತ್ತಿದ್ದರು.

ಘಟಿಕೋತ್ಸವ ಆಷಾಢದಲ್ಲಿ ಎಂದು ಗೊತ್ತಾಯಿತು. ಮಗಳು ಮತ್ತೆ ಫೋನ್ ಮಾಡಿ ನನಗೆ ಕಾಯಿದೆ ಓದಿದಳು. ಅವಳ ಸಿಟ್ಟು ನನ್ನದೇ, ಬೇರೆ ಎಲ್ಲಿಂದಲೂ ಬಂದಿದ್ದಲ್ಲ.

"ನೋಡವ್ವ, ಪಾಸು ಎರಡ ಕೊಡ್ತಾರ. ನೀನು, ಅಪ್ಪ. ಗೆಸ್ಟ್ ಹೌಸಿನ್ಯಾಗ ಒಂದ ರೂಮು ಸಿಕ್ಕೈತಿ, ಅದೂ ಕೈಕಾಲು ಹಿಡದು ತಗೊಂಡೀನಿ. ಊರ ಮಂದೀನೆಲ್ಲ ಕಟಗೊಂಡ ಬರಬ್ಯಾಡ."

"ನನಗೇನ ಹುಚ್ಚು ಹಿಡದೈತೇನು?" ಎಂದೆ.

ನನಗೆ ಬೇಕಾಗಿದ್ದು ಒಂದೇ. ಆ ಸಭಾಂಗಣದೊಳಗೆ ಒಂದು ಕುರ್ಚಿಯಲ್ಲಿ ಕೂತು, ನನ್ನ ಮಗಳು ವೇದಿಕೆ ಹತ್ತಿ ಪದಕ ಹಾಕಿಸಿಕೊಳ್ಳುವುದನ್ನು ಕಣ್ಣಾರೆ ನೋಡಬೇಕು. ಫೋಟೋದಲ್ಲಿ ಅಲ್ಲ, ವೀಡಿಯೋದಲ್ಲಿ ಅಲ್ಲ. ನಾನು ಗಂಗಾವತಿಯವಳು. ಅಲ್ಲಿ ಪಿಯುಸಿ ಓದುವಾಗ ಕಾಲೇಜಿನ ಸಭಾಂಗಣದೊಳಗೆ ಒಮ್ಮೆ ಹೋಗಿದ್ದೆ, ಅತಿಥಿಗಳಿಗೆ ಕುರ್ಚಿ ಹಾಕಲಿಕ್ಕೆ. ಸಭೆ ಶುರುವಾಗುವ ಹೊತ್ತಿಗೆ ಕುರ್ಚಿ ಹಾಕಿದ ಹುಡುಗಿಯರನ್ನೆಲ್ಲ ಹೊರಗೆ ಕಳಿಸಿದರು. ಮುಂದಿನ ವರ್ಷ ನನ್ನ ಲಗ್ನವಾಯಿತು. ಕುರ್ಚಿ ಹಾಕುವುದು ಆಗಿತ್ತು, ಕೂಡುವುದು ಬಾಕಿ ಇತ್ತು.

ಇಷ್ಟೆಲ್ಲ ತಿಳಿದವಳು ಮಾಡಿದ ತಪ್ಪು ಕೇಳಿ.

ನಮ್ಮ ಕಡೆ ಒಳ್ಳೆಯ ಸುದ್ದಿ ಬಂದರೆ ನಾಲ್ಕು ಮನೆಗೆ ಸಕ್ಕರೆ ಹಂಚಬೇಕು. ಸಕ್ಕರೆ ಕೈಗೆ ಹಾಕುವಾಗ ಬಾಯಿ ಸುಮ್ಮನಿರುವಂತಿಲ್ಲ, "ನೀವೂ ಬರ್ರಿ ಮತ್ತ" ಅನ್ನಲೇಬೇಕು. ಅದು ಕರೆದ ಹಾಗೂ ಹೌದು, ಕರೆಯದ ಹಾಗೂ ಹೌದು. ಊಟಕ್ಕೆ ಕೂತಾಗ ಬಾಗಿಲಲ್ಲಿ ಹಾಯ್ದು ಹೋಗುವವರಿಗೆ "ಬರ್ರಿ, ಊಟ ಮಾಡೂಣು" ಅನ್ನುತ್ತೇವೆ. ಅವರು "ನಡೀಲಿ ನಡೀಲಿ, ಈಗ ಆತು" ಅನ್ನುತ್ತಾರೆ. ಹಸಿದು ಸಾಯುತ್ತಿದ್ದರೂ ಯಾರೂ ಬಂದು ತಾಟಿನ ಮುಂದೆ ಕೂಡುವುದಿಲ್ಲ. ಹಾಗೆ ನಾನು ಎದುರುಮನೆಗೆ ಅಂದೆ, ಪಕ್ಕದ ಮನೆಗೆ ಅಂದೆ, ಯಲಬುರ್ಗಾದಲ್ಲಿರುವ ಗಂಡನ ತಂಗಿಗೆ ಫೋನಿನಲ್ಲಿ ಅಂದೆ, ಗಂಗಾವತಿಯ ತಮ್ಮನಿಗೂ ಅಂದೆ. "ಆತ್ರಿ, ಬರೂಣಂತ" ಎಂದರು ಎಲ್ಲರೂ. ಅದರ ಅರ್ಥ ಬರುವುದಿಲ್ಲ ಅಂತ. ಹುಟ್ಟಿದಾಗಿನಿಂದ ನನಗೆ ಗೊತ್ತಿರುವ ಅರ್ಥ ಅದು.

ಆದರೆ ನಾನು ರೈಲನ್ನು ಮರೆತಿದ್ದೆ.

ಕುಷ್ಟಗಿಗೆ ಆಗಷ್ಟೇ ರೈಲು ಬಂದಿತ್ತು. ಅಜ್ಜಂದಿರ ಕಾಲದಿಂದ ಬರುತ್ತದೆ ಬರುತ್ತದೆ ಎಂದು ಕೇಳಿಸಿಕೊಂಡು, ಬರುವುದಿಲ್ಲ ಎಂದು ಗಟ್ಟಿ ಮಾಡಿಕೊಂಡ ಮೇಲೆ ಬಂದ ರೈಲು. ಬೆಳಗ್ಗೆ ಕುಷ್ಟಗಿ ಬಿಟ್ಟು, ಯಲಬುರ್ಗಾ ಮೇಲೆ ಹಾಯ್ದು ಹುಬ್ಬಳ್ಳಿಗೆ ಹೋಗುತ್ತದೆ. ಊರ ಮಂದಿ ಸಂಜೆ ಹೊತ್ತು ಸ್ಟೇಷನ್ನಿಗೆ ಹೋಗಿ, ಬಂದು ನಿಂತ ರೈಲಿಗೆ ಬೆನ್ನು ಹಚ್ಚಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎಲ್ಲರಿಗೂ ಹತ್ತುವ ಆಸೆ, ಹೋಗಲು ಕಾರಣವಿಲ್ಲ. ಅಂಥ ಹೊತ್ತಿನಲ್ಲಿ ನಾನು ಮನೆಮನೆಗೆ ಹೋಗಿ ಕಾರಣ ಹಂಚಿ ಬಂದಿದ್ದೆ.

ಎದುರುಮನೆಯ ಅಕ್ಕ ಮಾರನೇ ದಿನವೇ ಕೇಳಿದಳು: "ರೈಲಿಗೇ ಹೋಗೂದಲ್ಲ? ಕಿಡಕಿ ಬಾಜು ನನಗ ಬೇಕು ನೋಡು." ನಾನು ನಕ್ಕೆ. ಚೇಷ್ಟೆ ಎಂದುಕೊಂಡೆ.

ಎಲ್ಲರಿಗಿಂತ ಮೊದಲು ಗಂಟು ಕಟ್ಟಿದವರು ಅತ್ತೆ. ಎರಡು ಕೌದಿ, ಒಂದು ಚಾಪೆ, ತಂಬಿಗೆ, ಎಲೆ-ಅಡಿಕೆ ಸಂಚಿ. ಹುಲಿಗಿಗೆ ಹುಣ್ಣಿಮೆಗೆ ಹೋಗುವಾಗ ಕಟ್ಟುವ ಗಂಟೇ ಅದು. ಅವರು ಕಂಡ ದೊಡ್ಡ ಪ್ರಯಾಣವೆಂದರೆ ಹುಲಿಗಿ, ಅಲ್ಲಿ ಗುಡಿಯ ಸುತ್ತ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೌದಿ ಹಾಸಿದರೆ ಆಯಿತು.

"ಅತ್ತಿ, ಎರಡ ಪಾಸು ಅದಾವ್ರಿ" ಎಂದೆ ಮೆಲ್ಲಗೆ.

"ಹುಲಿಗೆಮ್ಮನ ಗುಡಿಗೆ ಅಷ್ಟು ಮಂದಿ ಬರ್ತಾರ. ಆಕಿ ಯಾರಿಗರ ಪಾಸು ಕೇಳ್ಯಾಳೇನು?"

"ಇದು ಗುಡಿ ಅಲ್ಲರಿ."

"ವಿದ್ಯಾ ಕೊಡೂ ಜಾಗ ಗುಡಿ ಅಲ್ಲಂದ್ರ ಮತ್ತೇನು?" ಎಂದು ಅತ್ತೆ ಗಂಟಿಗೆ ಇನ್ನೊಂದು ಬಿಗಿ ಹಾಕಿದರು. ಅವರಿಗೆ ಎದುರು ಮಾತಾಡಿ ಗೆದ್ದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಗಳ ಫೋನ್. ಯಲಬುರ್ಗಾದ ನನ್ನ ನಾದಿನಿ ವಾಟ್ಸಾಪ್ ಸ್ಟೇಟಸ್ಸಿಗೆ ಒಂದು ಫೋಟೋ ಹಾಕಿದ್ದಳು: ಎದೆಯೆತ್ತರಕ್ಕೆ ಒಟ್ಟಿದ ಸಜ್ಜೆ ರೊಟ್ಟಿ, ಕೆಳಗೆ "ನಾಳೆ ಧಾರವಾಡಕ್ಕೆ" ಎಂಬ ಸಾಲು.

"ಅವ್ವ, ಯಲಬುರ್ಗಿ ಅತ್ತಿ ಇಷ್ಟು ರೊಟ್ಟಿ ಯಾರಿಗೆ ಬಡದಾಳ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಎಷ್ಟು ಮಂದಿ ಬರಾಕತ್ತೀರಿ? ಖರೇ ಹೇಳು."

ಬೆರಳು ಮಡಚಿದೆ. ನಾವು ಮೂವರು, ನಾದಿನಿ ಮತ್ತು ಅವಳ ಮನೆಯವರು, ಎದುರುಮನೆ, ಪಕ್ಕದ ಮನೆ, ಗಂಗಾವತಿಯಿಂದ ತಮ್ಮನ ಸಂಸಾರ. "ಹದಿಮೂರು" ಎಂದೆ. ಆಚೆಯಿಂದ ಒಂದು ಉಸಿರು ಕೇಳಿಸಿತು, ಆಮೇಲೆ ಬೈಗಳ ಸುರಿಮಳೆ. ಎಲ್ಲಿ ಮಲಗಿಸಲಿ, ಎಲ್ಲಿ ಕೂಡಿಸಲಿ, ಗೇಟಿನಲ್ಲಿ ಏನು ಹೇಳಲಿ, ನಾನು ಗೌನು ಹಾಕಿಕೊಳ್ಳಲೋ ನಿಮ್ಮ ಗಂಟು ಹೊರಲೋ. ಒಂದೊಂದು ಮಾತೂ ಸರಿಯಿತ್ತು. ಅದಕ್ಕೇ ನನಗೆ ಸಿಟ್ಟು ಬಂತು. "ಬ್ಯಾಡಂದ್ರ ಹೇಳು, ಎಲ್ಲಾರಿಗೂ ಬ್ಯಾಡಂತೀನಿ" ಎಂದು ಜೋರು ಮಾಡಿದೆ. ಬೇಡ ಅನ್ನುವುದು ಹೇಗೆ ಎಂದು ನನಗೆ ಗೊತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

ಗಂಡ ಧಾರವಾಡದ ವಸತಿಗೃಹಗಳಿಗೆ ಒಂದೊಂದಾಗಿ ಫೋನ್ ಹಚ್ಚಿದರು. ಎಲ್ಲಾ ಕಡೆ ಒಂದೇ ಮಾತು: "ಫುಲ್ ಅದಾವ್ರಿ." ಪದವಿ ಪಡೆಯುವ ಮಕ್ಕಳ ಅಪ್ಪ-ಅವ್ವಂದಿರು ನಮಗಿಂತ ಶಾಣ್ಯಾ ಇದ್ದರು. ಕೊನೆಗೆ ನಾನು ಗಂಗಾವತಿಗೆ ಫೋನ್ ಮಾಡಿ, ಬರಬೇಡ ಎಂದು ಹೇಳಲು ಬಾಯಿ ಬಾರದೆ, ರೂಮಿಲ್ಲದ ಕಥೆಯನ್ನಷ್ಟೇ ಹೇಳಿದೆ. ತಮ್ಮ ಅಕ್ಕಿ ವ್ಯಾಪಾರದವನು. ಗಂಗಾವತಿಯ ಮಿಲ್ಲುಗಳಿಂದ ಅಕ್ಕಿ ಎತ್ತಿ ದೂರದೂರದ ಅಡುಗೆ ಗುತ್ತಿಗೆದಾರರಿಗೆ ಕಳಿಸುತ್ತಾನೆ.

"ಅಕ್ಕಾ, ಈಗ ಯಾವ ಮಾಸ?" ಎಂದ.

"ಆಷಾಢ."

"ಆಷಾಢದಾಗ ಲಗ್ನ ಅದಾವೇನು?"

"ಇಲ್ಲ."

"ಮತ್ತ? ಕಲ್ಯಾಣ ಮಂಟಪ ಎಲ್ಲಾ ಖಾಲಿ ಬಿದ್ದಾವ. ಧಾರವಾಡದಾಗ ನನ್ನ ಅಕ್ಕಿ ಉಣ್ಣೂ ಮಂಟಪ ಒಂದೈತಿ. ಮಾತಾಡ್ತೀನಿ ತಡಿ."

ಸ್ವಲ್ಪ ಹೊತ್ತಿಗೆ ಮಂಟಪ ಸಿಕ್ಕಿತು. ವಧುವಿನ ಕಡೆಯ ಕೋಣೆಗಳು ಹೆಂಗಸರಿಗೆ, ವರನ ಕಡೆಯವು ಗಂಡಸರಿಗೆ. ನಾನು ಮನೆಯೊಳಗೇ ಕುಣಿದೆ. ಲಗ್ನವಿಲ್ಲದ ಮಾಸದಲ್ಲಿ ಲಗ್ನದ ಮನೆಯೇ ಸಿಕ್ಕಿತ್ತಲ್ಲ.

ಮರುದಿನ ಬೆಳಗ್ಗೆ ಅಂಗಡಿಗೆ ಬೀಗ ಬಿತ್ತು. ಬಿತ್ತನೆಯ ಹೊತ್ತಿನಲ್ಲಿ ಆ ಅಂಗಡಿ ಮುಚ್ಚಿದ್ದನ್ನು ನಾನು ಲಗ್ನವಾಗಿ ಬಂದ ಮೇಲೆ ಒಂದು ದಿನವೂ ಕಂಡಿರಲಿಲ್ಲ. ಗಂಡ ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ ಎರಡು ಪಾಸುಗಳನ್ನು ಮುಟ್ಟಿ ನೋಡಿಕೊಂಡರು. ಮಗಳು ಅಂಚೆಯಲ್ಲಿ ಕಳಿಸಿದ ದಪ್ಪ ಕಾಗದದ ಪಾಸು. ಸ್ಟೇಷನ್ನು ಮುಟ್ಟುವ ತನಕ ಆ ಜೇಬು ಎಷ್ಟು ಸಲ ಮುಟ್ಟಿಕೊಂಡರೋ.

ರೈಲಿನಲ್ಲಿ ನಮ್ಮವರೇ ಅರ್ಧ ಬೋಗಿ. ರೈಲು ಅಲುಗಾಡಿದಾಗ ಎದುರುಮನೆಯ ಅಕ್ಕ "ಹೊಂಟ್ತು! ಹೊಂಟ್ತು!" ಎಂದು ಚಪ್ಪಾಳೆ ತಟ್ಟಿದಳು. ನಾವು ಹುಟ್ಟಿದಾಗಿನಿಂದ ನೋಡಿದ ಕರಿಮಣ್ಣಿನ ಹೊಲಗಳೇ ಕಿಟಕಿಯಲ್ಲಿ ಬಂದವು, ಆದರೂ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನೋಡಿದೆವು. ಹೆಸರುಕಾಳಿನ ಬೆಳೆ ಚಿಗುರಿತ್ತು, ತೊಗರಿ ಬಿತ್ತುವವರು ಹೊಲದಲ್ಲಿದ್ದರು. ಗಂಡ "ಅದು ನಮ್ಮ ಅಂಗಡಿ ಬೀಜ" ಎಂದು ಒಂದು ಹೊಲ ತೋರಿಸಿದರು. ಆಮೇಲೆ ಮತ್ತೊಂದು ಹೊಲ. ಯಲಬುರ್ಗಾ ಬರುವ ತನಕ ಊರ ಹೊಲವೆಲ್ಲ ನಮ್ಮ ಅಂಗಡಿಯ ಬೀಜದ್ದೇ ಆಗಿತ್ತು.

ಯಲಬುರ್ಗಾದಲ್ಲಿ ನಾದಿನಿ ಹತ್ತಿದಳು. ಅವಳಿಗಿಂತ ಮೊದಲು ರೊಟ್ಟಿಯ ಬುಟ್ಟಿ ಹತ್ತಿತು, ಅದರ ಹಿಂದೆ ಮಡಕೆ ಕಾಳಿನ ಪಲ್ಯದ ಡಬ್ಬಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಗಡಿಗೆ. ಬುತ್ತಿ ಬಿಚ್ಚಿ ಹಂಚುವಾಗ ನಾದಿನಿ ಸಹಜವಾಗಿ ಕೇಳಿದಳು: "ಒಳಗ ಯಾರು ಹೋಗೂದು?"

ರೊಟ್ಟಿ ಮುರಿಯುತ್ತಿದ್ದ ಕೈಗಳು ನಿಂತವು.

"ಇನ್ಯಾರು, ನಾನು ಮತ್ತ ಇವರು" ಎಂದೆ.

"ಅವ್ವ ಬಂದಾಳಲ್ಲ. ಹಿರಿಯಾಕಿನ್ನ ಹೊರಗ ಕೂಡಸ್ತೀರೇನು?"

ಅತ್ತೆ ಕಿಟಕಿಯ ಹೊರಗೆ ನೋಡುತ್ತ ಎಲೆ ಮಡಚುತ್ತಿದ್ದರು, ಮಾತು ಕೇಳಿಸಲೇ ಇಲ್ಲವೆಂಬಂತೆ. ಅವರಿಗೆ ಕೇಳಬೇಕಾಗಿದ್ದು ಎರಡು ಓಣಿ ಆಚೆಯಿಂದಲೂ ಕೇಳಿಸುತ್ತದೆ. ನಾನು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಅತ್ತೆಗೆ ಬೇಕಾದರೆ ಕಾಲು ಒತ್ತುತ್ತೇನೆ, ಆ ಕುರ್ಚಿ ಮಾತ್ರ ಕೊಡುವುದಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದರೆ ಗಂಗಾವತಿ ಕಡೆಯ ರೈಲು ಇನ್ನೂ ಬಂದಿರಲಿಲ್ಲ. ಅದು ಬಂದಾಗ ತಮ್ಮ ಹೆಗಲ ಮೇಲೆ ಒಂದು ಚೀಲ ಹೊತ್ತು ಇಳಿದ. ಸೋನಾ ಮಸೂರಿ ಅಕ್ಕಿ. "ಉಡಿ ತುಂಬಾಕ" ಎಂದ. ನನ್ನ ತವರಿನಿಂದ ಯಾರು ಎಲ್ಲಿಗೆ ಬಂದರೂ ಅಕ್ಕಿ ಇಲ್ಲದೆ ಬರುವುದಿಲ್ಲ. ನಾನು ಲಗ್ನವಾಗಿ ಹೊರಟಾಗ ಇಂಥದೇ ಅಕ್ಕಿಯಿಂದ ನನ್ನ ಸೆರಗು ತುಂಬಿಸಿದ್ದರು: ಅಕ್ಕಿ, ಕಾಯಿ, ಎಲೆ-ಅಡಿಕೆ, ಕುಪ್ಪಸದ ಕಣ. ತುಂಬಿದ ಉಡಿಯಿಂದ ಒಂದು ಹಿಡಿ ಅಕ್ಕಿ ತಿರುಗಿ ತವರಿಗೇ ಹಾಕಿ ಹೋಗುವುದು ಪದ್ಧತಿ. ತವರನ್ನು ಬರಿದು ಮಾಡಿ ಹೋಗಬಾರದು ಅಂತ. ನಾನು ಅವ್ವನ ಸೆರಗಿಗೆ ಒಂದು ಹಿಡಿ ಹಾಕಿದಾಗ ಅವ್ವನ ಮುಖ ಹೇಗಿತ್ತು ಎಂಬುದು ಆ ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ನೆನಪಾಯಿತು.

ಧಾರವಾಡದಲ್ಲಿ ಜಿಟಿಜಿಟಿ ಮಳೆ. ಮಗಳು ಮಂಟಪದ ಬಾಗಿಲಲ್ಲೇ ಕಾಯುತ್ತಿದ್ದಳು, ಜಗಳಕ್ಕೆ ತಯಾರಾಗಿ. ಆದರೆ ಅತ್ತೆ ಹೋಗಿ ಅವಳ ಎರಡೂ ಕೆನ್ನೆ ಸವರಿ ಲಟಿಕೆ ಮುರಿದದ್ದೇ, ಹುಡುಗಿ ಕರಗಿಬಿಟ್ಟಳು. ಮಂಟಪ ನೋಡಿ ಅವಳ ಕಣ್ಣು ದೊಡ್ಡವಾದವು. ಅತ್ತೆ ನೇರ ವೇದಿಕೆಗೆ ಹತ್ತಿ ಮದುಮಗಳು ಕೂಡುವ ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ ಕೂತು "ಇದು ಹುಲಿಗಿಗಿಂತ ಛಲೋ ಐತಿ" ಎಂದು ತೀರ್ಪು ಕೊಟ್ಟರು.

ಸಂಜೆ ಹಾಸ್ಟೆಲ್ಲಿಗೆ ಹೋದ ಮಗಳಿಂದ ಫೋನ್ ಬಂತು. ದನಿ ಸಣ್ಣದಾಗಿತ್ತು.

"ಅವ್ವ, ನನ್ನ ರೂಮಿನ ಗೆಳತಿ ಅಪ್ಪ-ಅವ್ವ ಬಸ್ ಸ್ಟ್ಯಾಂಡಿನ್ಯಾಗ ಕುಂತಾರ. ಎಲ್ಲೂ ರೂಮು ಸಿಕ್ಕಿಲ್ಲ. ಅಲ್ಲೆ ಜಾಗ ಐತೇನು?"

"ಯಾಕ, ಊರ ಮಂದೀನ ಕಟಗೋಬ್ಯಾಡ ಅಂದಿದ್ದೆಲ್ಲ?"

"ಅವ್ವಾ..."

"ಕಳಸು. ರೊಟ್ಟಿ ಅದಾವ" ಎಂದೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಫೋನ್ ಇಟ್ಟ ಮೇಲೆ ನಾದಿನಿಯನ್ನು ಅಪ್ಪಿಕೊಂಡೆ. ಅವರ ಹಿಂದೆ ಇನ್ನೂ ಎರಡು ಸಂಸಾರ ಬಂದವು. ವರನ ಕಡೆಯ ಕೋಣೆಗಳೂ ತುಂಬಿದವು. ನಾದಿನಿಯ ರೊಟ್ಟಿಯ ಗೋಪುರ ಆ ರಾತ್ರಿ ನೆಲಮಟ್ಟಕ್ಕೆ ಬಂತು. ಊಟಕ್ಕೆ ಕೂತವರೆಲ್ಲ ತಮ್ಮ ತಮ್ಮ ಮಕ್ಕಳ ವಿಷಯ ಹೇಳಿದರು, ಯಾರೂ ಇನ್ನೊಬ್ಬರದನ್ನು ಪೂರ್ತಿ ಕೇಳಲಿಲ್ಲ.

ಬೆಳಗ್ಗೆ ನಾನು ಇಳಕಲ್ ಸೀರೆ ಉಟ್ಟು ಹೊರಗೆ ಬಂದರೆ ಅತ್ತೆ ಆಗಲೇ ತಯಾರಾಗಿ ಬಾಗಿಲಲ್ಲಿ ಕೂತಿದ್ದರು. ಹಣೆಗೆ ವಿಭೂತಿ, ಉಡಿಗೆ ಕಟ್ಟಿಕೊಂಡ ಒಂದು ತೆಂಗಿನಕಾಯಿ. ಸೆರಗಿನ ತುದಿಗೆ ಒಂದು ಗಂಟು. ಗಂಟಿನಿಂದ ದಪ್ಪ ಕಾಗದದ ಮೂಲೆ ಇಣುಕುತ್ತಿತ್ತು. ಗಂಡನ ಅಂಗಿ ಗೂಟಕ್ಕೆ ತೂಗುತ್ತಿತ್ತು, ಜೇಬಿನಲ್ಲಿ ಒಂದೇ ಪಾಸು.

ಯಾರು ಕೇಳಬೇಕು? ಯಾರೂ ಕೇಳಲಿಲ್ಲ.

ನಾನೂ ಗಂಡನೂ ಆ ಒಂದು ಪಾಸಿನ ಎರಡು ಬದಿಗೆ ನಿಂತೆವು. ಬಿತ್ತನೆಯ ಹೊತ್ತಿನಲ್ಲಿ ಅಂಗಡಿಗೆ ಬೀಗ ಹಾಕಿ ಬಂದ ಮನುಷ್ಯ. ನಾನು ಬಾಯಿ ತೆರೆದೆ, ಜಗಳಕ್ಕೋ ಬಿಟ್ಟುಕೊಡಲಿಕ್ಕೋ ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವರು ಪಾಸು ತೆಗೆದು ನನ್ನ ಕೈಯಲ್ಲಿಟ್ಟರು.

"ನೀ ಹೋಗು. ನಾ ಒಳಗ ಹೋದ್ರ ಈ ಮಂದೀನ ಯಾರು ಸಂಭಾಳಸ್ತಾರ? ಹೊರಗ ದೊಡ್ಡ ಪರದೆ ಹಾಕ್ತಾರಂತ, ಅದರಾಗ ನೋಡ್ತೀನಿ."

"ನೀವು..."

"ನೀ ಕುರ್ಚಿ ಹಾಕಿ ಬಂದಾಕಿ ಅಲ್ಲೇನು? ಹೋಗು, ಕುಂತು ಬಾ."

ಆ ಕುರ್ಚಿಯ ಕಥೆಯನ್ನು ನಾನು ಅವರಿಗೆ ಲಗ್ನವಾದ ಹೊಸದರಲ್ಲಿ ಒಮ್ಮೆ ಹೇಳಿದ್ದೆ. ಮರೆತಿದ್ದಾರೆ ಎಂದುಕೊಂಡಿದ್ದೆ. ಅಷ್ಟು ವರ್ಷದಲ್ಲಿ ಆ ಮನುಷ್ಯನ ಮೇಲೆ ನನಗೆ ಅವತ್ತು ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ. ಹಾಗಂತ ಹೇಳಲಿಲ್ಲ. "ಅಂಗಿ ಗುಂಡಿ ಹಾಕ್ಕೋರಿ" ಎಂದೆ.

ಸಭಾಂಗಣದ ಬಾಗಿಲಲ್ಲಿ ಕೈಚೀಲ ನೋಡಿದರು, ಅತ್ತೆಯ ಉಡಿಯನ್ನು ಯಾರು ನೋಡಬೇಕು. ನಮಗೆ ಹಿಂದಿನ ಸಾಲಿನ ಕುರ್ಚಿ ಸಿಕ್ಕವು. ನಾನು ಕೂತೆ. ಕೂತೆನೆಂದರೆ ಕೂತೆ! ಬೆನ್ನು ಪೂರ್ತಿ ಆನಿಸಿ, ಎರಡೂ ಕೈ ಹಿಡಿಕೆಯ ಮೇಲಿಟ್ಟು. ಯಾರಾದರೂ ಎಬ್ಬಿಸಲಿ ನೋಡೋಣ ಎಂಬ ಹಾಗೆ ಸುತ್ತ ನೋಡಿದೆ.

ವೇದಿಕೆಗೆ ಹುಡುಗಿಯರು ಒಬ್ಬೊಬ್ಬರಾಗಿ ಬರತೊಡಗಿದರು. ಎಲ್ಲರಿಗೂ ಒಂದೇ ಕಪ್ಪು ಗೌನು, ಒಂದೇ ಟೊಪ್ಪಿಗೆ.

"ಎಲ್ಲಾರೂ ಕರೇ ಅಂಗಿ ಹಾಕ್ಯಾರ. ನಮ್ಮಾಕಿ ಯಾಕಿ?" ಎಂದರು ಅತ್ತೆ.

"ಇನ್ನೂ ಬಂದಿಲ್ಲರಿ."

"ಇಕಿ ಏನು?"

"ಅಲ್ಲರಿ."

"ಮತ್ತ ಇಕಿ?"

"ಅತ್ತಿ, ಬಂದಾಗ ಹೇಳ್ತೀನಿ, ಸುಮ್ಮಕಿರ್ರಿ."

ಆಗ ಮೈಕಿನಲ್ಲಿ ನಮ್ಮ ಮಗಳ ಹೆಸರು ಬಂತು. ಹೆಸರಿನ ಹಿಂದೆ ಅವಳ ಅಪ್ಪನ ಹೆಸರು, ಅತ್ತೆ ಇಟ್ಟ ಹೆಸರು. ಅದು ಕಿವಿಗೆ ಬಿದ್ದದ್ದೇ ಅತ್ತೆ ಎದ್ದು ನಿಂತು ಎರಡೂ ಕೈ ಜೋಡಿಸಿಬಿಟ್ಟರು. ಉಡಿಯ ಬಿಗಿ ಸಡಿಲಾಗಿ ಕಾಯಿ ಧಪ್ಪೆಂದು ಬಿತ್ತು. ಬಿದ್ದು ಮುಂದಿನ ಸಾಲಿನ ಕಡೆಗೆ ಉರುಳಿತು.

ಉಡಿಗೆಂದು ತೆಗೆದಿಟ್ಟ ಕಾಯಿ ಯಾರ ಕಾಲಿಗೂ ಹತ್ತಬಾರದು. ಸಣ್ಣವಳಿದ್ದಾಗಿನಿಂದ ಕೈಗೆ ಕಲಿಸಿದ ಮಾತು ಅದು, ತಲೆಗೆ ಕಲಿಸಿದ್ದಲ್ಲ. ತಲೆ ಏನು ಅನ್ನುತ್ತದೆ ಎಂದು ನನ್ನ ಕೈ ಕೇಳಲೇ ಇಲ್ಲ. ನಾನು ಬಗ್ಗಿದೆ. ಮುಂದೆ ಕೂತವರ ಬೂಟಿನ ಹತ್ತಿರ ಹೋಗಿದ್ದ ಕಾಯಿಯನ್ನು ಕುರ್ಚಿಯ ಕೆಳಗಿನಿಂದ ಎಳೆದುಕೊಂಡೆ, ಸೆರಗಿನಿಂದ ಒರೆಸಿದೆ, ಎದ್ದೆ. ಚಪ್ಪಾಳೆ ಮುಗಿಯುತ್ತ ಬಂದಿತ್ತು. ವೇದಿಕೆಯ ಆಚೆ ಮೆಟ್ಟಿಲಲ್ಲಿ ಒಂದು ಕಪ್ಪು ಗೌನಿನ ಬೆನ್ನು ಇಳಿದು ಹೋಗುತ್ತಿತ್ತು. ಅದು ನನ್ನ ಮಗಳ ಬೆನ್ನು.

"ಕಂಡೆ! ನಾ ಕಂಡೆ ನೋಡು!" ಅತ್ತೆ ನನ್ನ ತೋಳು ಹಿಡಿದು ಅಲುಗಾಡಿಸುತ್ತಿದ್ದರು. "ಕೊಳ್ಳಾಗ ಬಂಗಾರದ್ದು ಹಾಕಿದ್ರು! ನಕ್ಕಳು ನೋಡು, ಹೆಂಗ ನಕ್ಕಳು!"

ಆ ಕಾಯಿಯನ್ನು ಅಲ್ಲೇ ಒಡೆದುಬಿಡಬೇಕು ಅನ್ನಿಸಿತು. ಯಾವುದರ ಮೇಲೆ ಅಂತ ಹೇಳುವುದಿಲ್ಲ. ಕಣ್ಣಲ್ಲಿ ನೀರು ಬಂತು, ಅತ್ತೆ ಅದು ಸಂತೋಷದ ನೀರು ಎಂದುಕೊಂಡು ತಮ್ಮ ಸೆರಗಿನಿಂದಲೇ ಒರೆಸಿದರು.

ಹೊರಗೆ ಶಾಮಿಯಾನದ ಕೆಳಗೆ ನಮ್ಮ ಮಂದಿ ಹಬ್ಬ ಮಾಡುತ್ತಿದ್ದರು. ಪರದೆಯ ಮೇಲೆ ಮಗಳ ಮುಖ ಗೋಡೆಯಷ್ಟು ದೊಡ್ಡದಾಗಿ ಬಂದಿತ್ತಂತೆ. ಕಿವಿಯ ಝುಮಕಿಯೂ ಕಂಡಿತಂತೆ. ಎದುರುಮನೆಯ ಅಕ್ಕ ಸಿಳ್ಳು ಹೊಡೆದಳಂತೆ. ಒಬ್ಬರ ಮಾತಿನ ಮೇಲೆ ಒಬ್ಬರು. ಗಂಡ ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನೋಡಿದ್ಯಾ?"

ತಮ್ಮ ಕುರ್ಚಿ ಕೊಟ್ಟವರಿಗೆ ಏನು ಹೇಳಲಿ? "ನೋಡಿದೆ. ಭಾಳ ಛಲೋ ಕಂಡ್ಲು" ಎಂದೆ.

ಆಗ ಮಗಳು ಗೌನು ಎತ್ತಿ ಹಿಡಿದುಕೊಂಡು ಮಳೆಯಲ್ಲೇ ಓಡಿ ಬಂದಳು. ಕೊರಳಲ್ಲಿ ಪದಕ ಜಿಗಿಯುತ್ತಿತ್ತು. ನೇರ ನನ್ನ ಮುಂದೆ ನಿಂತು ಏದುಸಿರು ಬಿಡುತ್ತ ಹೇಳಿದಳು: "ಅವ್ವ, ನಾ ಮ್ಯಾಲಿಂದ ಹುಡುಕಿದೆ. ಆಯಿ ಎದ್ದು ನಿಂತಿದ್ದು ಕಂಡ್ತು. ಬಾಜುಕ ನಿನ್ನ ಕುರ್ಚಿ ಖಾಲಿ ಇತ್ತು."

ಗಂಡ ನನ್ನ ಕಡೆ ನೋಡಿದರು. ಇನ್ನು ಮುಚ್ಚಿಡುವುದೆಲ್ಲಿ? ಕಾಯಿಯ ಕಥೆ ಹೇಳಿದೆ. ಮೊದಲು ನಾದಿನಿ ನಕ್ಕಳು, ಆಮೇಲೆ ತಮ್ಮ, ಆಮೇಲೆ ಎಲ್ಲರೂ. ನನಗೂ ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು. ಮಗಳು ನಗಲಿಲ್ಲ. ಅತ್ತೆಯೂ ನಗಲಿಲ್ಲ. ಅವರು ನನ್ನ ಕೈಯಿಂದ ಕಾಯಿ ತೆಗೆದುಕೊಂಡು ಅದರ ಜುಟ್ಟು ಸವರಿದರು. "ತಂಗೀ, ನನ್ನ ಸಲುವಾಗಿ ಹಿಂಗಾತಲ್ಲ" ಎಂದರು. 'ತಂಗೀ' ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು. ಕೂಡಲೇ ದನಿ ಏರಿಸಿ "ಅಕ್ಕಿ ತರ್ರಿ, ಹುಡುಗಿ ಉಡಿ ತುಂಬೂಣು" ಎಂದು ಎಲ್ಲರಿಗೂ ಅಪ್ಪಣೆ ಮಾಡಿದರು.

"ಲಗ್ನ ಆಗದ ಹುಡುಗಿಗೆ ಉಡಿ ಹೆಂಗ ತುಂಬ್ತೀಯವ್ವ?" ಎಂದಳು ನಾದಿನಿ.

"ದೊಡ್ಡಾಕಿ ಆದಾಗ ತುಂಬಲಿಲ್ಲೇನು? ಇವತ್ತ ಅದಕ್ಕಿಂತ ದೊಡ್ಡಾಕಿ ಆಗ್ಯಾಳ."

ಗೌನಿಗೆ ಸೆರಗು ಎಲ್ಲಿಂದ ಬರಬೇಕು? ಮಗಳು ಎರಡೂ ಕೈಯಿಂದ ಗೌನಿನ ಮುಂಭಾಗವನ್ನೇ ಎತ್ತಿ ಒಡ್ಡಿದಳು. ತಮ್ಮನ ಹೆಂಡತಿ ಮಂಟಪದಿಂದ ಜೊತೆಗೇ ತಂದಿದ್ದ ಅಕ್ಕಿಯ ಚೀಲ ಬಿಚ್ಚಿದಳು. ಒಬ್ಬೊಬ್ಬರೂ ಬೊಗಸೆ ತುಂಬಿ ಅಕ್ಕಿ ಹಾಕಿದರು, ಮೇಲೆ ಎಲೆ-ಅಡಿಕೆ, ಕುಪ್ಪಸದ ಕಣ, ಎಲ್ಲದರ ಮೇಲೆ ಅದೇ ಕಾಯಿ. ಕಪ್ಪು ಬಟ್ಟೆಯ ಮೇಲೆ ಬಿಳಿ ಅಕ್ಕಿ. ಸುತ್ತಲಿನ ಅಪ್ಪ-ಅವ್ವಂದಿರೆಲ್ಲ ಬಂದು ನಿಂತರು. ರಾತ್ರಿ ಮಂಟಪದಲ್ಲಿ ನಮ್ಮ ರೊಟ್ಟಿ ತಿಂದ ಗೆಳತಿಯ ಅವ್ವನೂ ಒಂದು ಬೊಗಸೆ ಹಾಕಿದಳು.

"ಇನ್ನ ಒಂದ ಹಿಡಿ ನಿಮ್ಮವ್ವಗ ತಿರುಗಿ ಹಾಕು" ಎಂದರು ಅತ್ತೆ.

ನಾನು ಸೆರಗು ಒಡ್ಡಿ ನಿಂತೆ. ಮಗಳು ಬರಲಿಲ್ಲ. ತುಂಬಿದ ಗೌನು ಹಿಡಿದುಕೊಂಡು ಹಿಂದೆ ಹಿಂದೆ ಸರಿದು ಶಾಮಿಯಾನದ ಆ ತುದಿಗೆ ಹೋಗಿ ನಿಂತಳು. ಟೊಪ್ಪಿಗೆ ಸರಿ ಮಾಡಿಕೊಂಡಳು. "ಅಪ್ಪ, ನನ್ನ ಹೆಸರು ಕೂಗು" ಎಂದಳು.

ಗಂಡ ಗಂಟಲು ಸರಿ ಮಾಡಿಕೊಂಡು ಅವಳ ಹೆಸರು ಕೂಗಿದರು, ಹಿಂದೆ ತಮ್ಮ ಹೆಸರನ್ನೂ ಸೇರಿಸಿ, ಮೈಕಿನಲ್ಲಿ ಕೂಗಿದ ಹಾಗೆಯೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ಬೆನ್ನು ನೆಟ್ಟಗೆ ಮಾಡಿ, ಒಂದೊಂದೇ ಹೆಜ್ಜೆ ಇಡುತ್ತ ನನ್ನ ಕಡೆ ನಡೆದು ಬಂದಳು. ನನ್ನ ಮುಂದೆ ಬಂದು ಅಕ್ಕಿಗೆ ಕೈ ಹಾಕಿ ಒಂದು ಹಿಡಿ ತೆಗೆದು ನನ್ನ ಸೆರಗಿಗೆ ಹಾಕಿದಳು. ಅದರ ಮೇಲೆ ಇಡಲೆಂದು ಅದೇ ಕೈಯಿಂದ ಕೊರಳ ಪದಕ ಬಿಚ್ಚತೊಡಗಿದಳು. ಒಂದೇ ಕೈಯಲ್ಲಿ ಉಳಿದ ಗೌನು ವಾಲಿತು. ಕಾಯಿ ಜಾರಿ ನೆಲಕ್ಕೆ ಬಿದ್ದು ಮಂದಿಯ ಕಾಲುಗಳ ನಡುವೆ ಉರುಳಿಕೊಂಡು ಹೊರಟಿತು.

"ಕಾಯಿ! ಕಾಯಿ!" ಎಂದು ನಾದಿನಿ ಕೂಗಿದಳು. "ಹೋಗ್ಲಿ ಬಿಡ್ರಿ ಅದನ್ನ!" ಎಂದು ಅತ್ತೆ ಅವಳಿಗಿಂತ ಜೋರಾಗಿ ಕೂಗಿದರು.

ಅದು ಎಲ್ಲಿ ಹೋಯಿತೋ, ಯಾರ ಕಾಲಿಗೆ ಹತ್ತಿತೋ ನನಗೆ ಗೊತ್ತಿಲ್ಲ. ನಾನು ಬಗ್ಗಲಿಲ್ಲ. ಮಗಳು ನಗುತ್ತಿದ್ದಳು, ನಾನು ನೋಡುತ್ತಿದ್ದೆ.